ಸಾಂಬ್ರಾದಿಂದ ಸಿಂಗಾಪುರಕ್ಕೆ ಪಾಯಿಂಟ್ ಮೇಲೆ ಹೋಗಬಹುದೇ?

ಪ್ರಶ್ನೆ: ನಾವು ಬೆಳಗಾವಿ ತಿಲಕವಾಡಿಯವರು. ಮನ್ಯಾಗ ನಾಲ್ಕು ಮಂದಿ, ಮಕ್ಕಳಿಗೆ 12 ಮತ್ತು 8 ವರ್ಷ. ವರ್ಷಕ್ಕೆ ಒಂದೆರಡು ಸಲ ನಮ್ಮೂರ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ, ಒಮ್ಮೊಮ್ಮೆ ದಿಲ್ಲಿಗೆ ವಿಮಾನದಾಗ ಹೋಗ್ತೀವಿ. ಟಿಕೆಟ್ ಎಲ್ಲಾ ಖಡೇಬಜಾರದ ಏಜೆಂಟರ ಕಡೆ. ಇಷ್ಟು ದಿನ ಮೈಲ್ಸ್ ಅಂದ್ರ ಏನಂತ ನೋಡಿರಲಿಲ್ಲ. ಈಗ ಬ್ಯಾಂಕಿನವರು ಫೋನ್ ಮಾಡಿ, ವರ್ಷಕ್ಕೆ 5,000 ರೂಪಾಯಿ ಫೀ ಇರೋ ಕ್ರೆಡಿಟ್ ಕಾರ್ಡ್ ತಗೊಂಡ್ರ ಎರಡು ವರ್ಷದಾಗ ನಾಲ್ಕೂ ಮಂದಿ ಸಿಂಗಾಪುರಕ್ಕೆ ಫ್ರೀ ಹೋಗಬಹುದು ಅಂತಾರ. ತಿಂಗಳಿಗೆ ಪೆಟ್ರೋಲ್, ಕರೆಂಟ್ ಬಿಲ್, ಶಾಲಿ ಫೀ, ಕಿರಾಣಿ ಎಲ್ಲಾ ಸೇರಿ 30,000 ಕಾರ್ಡಿನ ಮ್ಯಾಲೆ ಆಗಬಹುದು. ಅವರು ಹೇಳೂದು ಖರೇನಾ? ಹಳೇ ಪ್ರಯಾಣದ ಪಾಯಿಂಟ್ ಈಗ ಸಿಗತಾವೇನು? ಗೋವಾಕ್ಕೆ ಹೋಗಿ ಏರ್ ಇಂಡಿಯಾ ಹತ್ತಿದ್ರ ಲಾಭ ಅಂತ ಗೆಳೆಯರು ಹೇಳ್ತಾರ. ಶ್ರಾವಣ ಮುಗದ ಮ್ಯಾಲೆ ಅವ್ವ ಕಾಶಿ ಟೂರಿಗೆ ಹೊಂಟಾಳ, ಆ ಟಿಕೆಟ್ಟಿಗೂ ಪಾಯಿಂಟ್ ಬರ್ತದೇನು?

ಉತ್ತರ: ಮೊದಲು ಬ್ಯಾಂಕಿನವರ ಮಾತು. ನಿಮ್ಮ ಖರ್ಚಿನ ಪ್ರಮಾಣದಲ್ಲಿ ಎರಡು ವರ್ಷಕ್ಕೆ ನಾಲ್ಕು ಸಿಂಗಾಪುರ ಟಿಕೆಟ್ ಆಗುವುದಿಲ್ಲ. ಒಂದು ಆಗುವುದೂ ಕಷ್ಟ. ಹಾಗಂತ ಮೈಲ್ಸ್, ಅಂದರೆ ವಿಮಾನ ಕಂಪನಿಗಳು ಪ್ರಯಾಣಕ್ಕೆ ಕೊಡುವ ಪಾಯಿಂಟ್, ಅನ್ನುವುದೇ ಮೋಸ ಅಂತಲ್ಲ. ಹೇಗಿದ್ದರೂ ಹೋಗಲೇಬೇಕಾದ ಪ್ರಯಾಣದ ಮೇಲೆ ನೂರಕ್ಕೆ ಎರಡು ಮೂರು ರೂಪಾಯಿ ತಿರುಗಿ ಬರುವ ರಿಯಾಯಿತಿ ಅದು. ಅದಕ್ಕಾಗಿ ವಿಮಾನ ಕಂಪನಿಯಲ್ಲಿ ಸದಸ್ಯ ಖಾತೆ ತೆರೆಯಲು ಹಣ ಬೇಕಿಲ್ಲ, ಹಾಗಾಗಿ ಅದನ್ನು ಬಿಡುವ ಕಾರಣವೂ ಇಲ್ಲ. ಆ ಎರಡು ರೂಪಾಯಿಗಾಗಿ ಹತ್ತು ರೂಪಾಯಿ ಹೆಚ್ಚು ಖರ್ಚು ಮಾಡುವಲ್ಲಿಂದ ನಷ್ಟ ಶುರುವಾಗುತ್ತದೆ.

ಮೈಲ್ ಎಂಬ ಹೆಸರಿನಿಂದಲೇ ಒಂದು ತಪ್ಪು ತಿಳಿವಳಿಕೆ ಹುಟ್ಟಿದೆ: ಹಾರಿದಷ್ಟು ದೂರಕ್ಕೆ ಅಷ್ಟು ಮೈಲ್ ಸಿಗುತ್ತದೆ ಅಂತ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಯೋಜನೆ ಶುರು ಮಾಡಿದಾಗ ಲೆಕ್ಕ ಹಾಗೇ ಇತ್ತು. ಈಗ ಹೆಚ್ಚಿನ ಕಂಪನಿಗಳು ಟಿಕೆಟ್ಟಿಗೆ ಕೊಟ್ಟ ಹಣದ ಮೇಲೆ ಪಾಯಿಂಟ್ ಕೊಡುತ್ತವೆ. ಏರ್ ಇಂಡಿಯಾದ ಫ್ಲೈಯಿಂಗ್ ರಿಟರ್ನ್ಸ್ ಯೋಜನೆ 2024ರಲ್ಲಿ ದೂರದ ಲೆಕ್ಕ ಬಿಟ್ಟು ರೂಪಾಯಿ ಲೆಕ್ಕಕ್ಕೆ ಬಂತು, ಆಮೇಲೆ ಮಹಾರಾಜ ಕ್ಲಬ್ ಎಂದು ಹೆಸರೂ ಬದಲಾಯಿತು. 2024ರ ನವೆಂಬರ್‌ನಲ್ಲಿ ವಿಸ್ತಾರಾ ಕಂಪನಿ ಏರ್ ಇಂಡಿಯಾದಲ್ಲಿ ಲೀನವಾದಾಗ ಅದರ ಕ್ಲಬ್ ವಿಸ್ತಾರಾ ಯೋಜನೆಯ ಸದಸ್ಯರೂ ಅಲ್ಲಿಗೇ ಬಂದರು. ಇಂಡಿಗೋದ ಬ್ಲೂಚಿಪ್ ಯೋಜನೆಯೂ 2024ರದ್ದೇ, ಅದೂ ಹಣದ ಲೆಕ್ಕದ್ದೇ. ಆಫರ್ ದಿನ ಅಗ್ಗಕ್ಕೆ ಕೊಂಡ ದಿಲ್ಲಿ ಟಿಕೆಟ್ಟಿಗಿಂತ ಕೊನೆ ಗಳಿಗೆಯಲ್ಲಿ ದುಬಾರಿಗೆ ಕೊಂಡ ಬೆಂಗಳೂರು ಟಿಕೆಟ್ ಹೆಚ್ಚು ಪಾಯಿಂಟ್ ತರಬಹುದು. ಅದರಲ್ಲೂ ಟಿಕೆಟ್ಟಿನ ಪೂರ್ತಿ ಮೊತ್ತ ಲೆಕ್ಕಕ್ಕಿಲ್ಲ. ಜಿಎಸ್‌ಟಿ, ನಿಲ್ದಾಣದ ಬಳಕೆದಾರ ಶುಲ್ಕ, ಭದ್ರತಾ ಶುಲ್ಕ ತೆಗೆದು ಉಳಿದ ಮೂಲ ದರ ಮತ್ತು ಕಂಪನಿಯೇ ಹಾಕುವ ಶುಲ್ಕಕ್ಕಷ್ಟೇ ಪಾಯಿಂಟ್.

ನಿಮ್ಮ ಮನೆಯ ಲೆಕ್ಕವನ್ನೇ ಹಾಕೋಣ. ದರಗಳು ಆಗಾಗ ಬದಲಾಗುವುದರಿಂದ ಅಂಕಿಗಳನ್ನು ಉದಾಹರಣೆ ಅಂತಷ್ಟೇ ತಿಳಿಯಿರಿ. ನಾಲ್ಕು ಜನ ಬೆಂಗಳೂರಿಗೆ ಹೋಗಿ ಬರಲು ತಲೆಗೆ 7,000 ರೂ. ಮೂಲ ದರವಾದರೆ ಒಟ್ಟು 28,000. ನೂರು ರೂಪಾಯಿಗೆ 6 ಪಾಯಿಂಟ್ ಎಂದರೆ 1,680. ಒಂದು ಪಾಯಿಂಟಿನ ಬೆಲೆ 40 ಪೈಸೆ ಹಿಡಿದರೆ 672 ರೂಪಾಯಿ. ಅದೂ ನಾಲ್ಕು ಬೇರೆ ಬೇರೆ ಖಾತೆಯಲ್ಲಿ ತಲಾ 420 ಪಾಯಿಂಟ್ ಆಗಿ ಬಿದ್ದಿರುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೇ ಕುಟುಂಬದ ಪಾಯಿಂಟ್‌ಗಳನ್ನು ಒಂದೇ ಕಡೆ ಸೇರಿಸುವ ಫ್ಯಾಮಿಲಿ ಪೂಲ್ ಸೌಲಭ್ಯ ಇದೆಯೇ ಅಂತ ಸದಸ್ಯರಾಗುವಾಗಲೇ ನೋಡಿ. ಇದ್ದರೆ ಮೊದಲ ದಿನವೇ ನಾಲ್ಕೂ ಹೆಸರು ಸೇರಿಸಿ. ಕೆಲವು ಯೋಜನೆಗಳಲ್ಲಿ ಪೂಲ್‌ಗೆ ಸೇರಿದ ಮೇಲೆ ಗಳಿಸಿದ ಪಾಯಿಂಟ್ ಮಾತ್ರ ಒಟ್ಟಾಗುತ್ತದೆ, ಹಳೆಯದು ಅವರವರ ಖಾತೆಯಲ್ಲೇ ಉಳಿಯುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಸಾಮಾನ್ಯವಾಗಿ ಪಾಯಿಂಟ್ ಇಲ್ಲ. ನಿಮ್ಮ ಮಕ್ಕಳ ವಯಸ್ಸಿಗೆ ತಂದೆ ಅಥವಾ ತಾಯಿಯ ಖಾತೆಗೆ ಜೋಡಿಸಿ ಸದಸ್ಯತ್ವ ಕೊಡುವ ಕಂಪನಿಗಳಿವೆ.

ಇನ್ನು ಕಾರ್ಡು. ನೀವು ಹೇಳಿದ 30,000ದಲ್ಲಿ ಪೆಟ್ರೋಲಿಗೆ ಬಹುತೇಕ ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ. ಕರೆಂಟ್ ಬಿಲ್, ವಿಮೆ, ಬಾಡಿಗೆ, ವಾಲೆಟ್ಟಿಗೆ ಹಾಕುವ ಹಣ, ಶಾಲೆ ಫೀ ಇವಕ್ಕೆ ಹಲವು ಬ್ಯಾಂಕುಗಳು ಕೊಡುವುದಿಲ್ಲ, ಇಲ್ಲವೇ ತಿಂಗಳಿಗೆ ಇಂತಿಷ್ಟೇ ಎಂದು ಮಿತಿ ಹಾಕಿವೆ. ಅವನ್ನೆಲ್ಲ ಕಳೆದು ತಿಂಗಳಿಗೆ 18,000 ಉಳಿಯಿತು ಅನ್ನಿ. ನೂರಕ್ಕೆ 2 ಪಾಯಿಂಟ್‌ನಂತೆ ತಿಂಗಳಿಗೆ 360, ವರ್ಷಕ್ಕೆ 4,320. ಬ್ಯಾಂಕಿನ ಎರಡು ಪಾಯಿಂಟಿಗೆ ವಿಮಾನ ಕಂಪನಿಯ ಒಂದು ಮೈಲ್ ಎಂಬ ಅನುಪಾತ ಇದ್ದರೆ ಕೈಗೆ ಬರುವುದು 2,160 ಮೈಲ್. 40 ಪೈಸೆಯಂತೆ 864 ರೂ. ಆ ಕಡೆ ಫೀ 5,000, ಅದರ ಮೇಲೆ 18% ಜಿಎಸ್‌ಟಿ ಸೇರಿ 5,900. ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗಿ ಬರುವ ಒಂದು ಟಿಕೆಟ್ಟಿಗೇ ಈ 2,160ರ ಹಲವು ಪಟ್ಟು ಬೇಕು.

ಫೋನಿನಲ್ಲಿ ಹೇಳುವವರು ಸಾಮಾನ್ಯವಾಗಿ ಸೇರ್ಪಡೆ ಬೋನಸ್ಸನ್ನು ಹಿಡಿದು ಲೆಕ್ಕ ಕೊಡುತ್ತಾರೆ. ಬೋನಸ್ ಮೊದಲ ವರ್ಷದ್ದು, ಫೀ ಪ್ರತಿ ವರ್ಷದ್ದು. ಅವರನ್ನು ಮೂರು ಪ್ರಶ್ನೆ ಕೇಳಿ: ಬೋನಸ್ ಬರಲು ಎಷ್ಟು ದಿನದೊಳಗೆ ಎಷ್ಟು ಖರ್ಚು ಮಾಡಬೇಕು, ಎರಡನೇ ವರ್ಷದ ಫೀ ಮನ್ನಾ ಆಗಲು ಎಷ್ಟು ಖರ್ಚು ಬೇಕು, ಯಾವ ಯಾವ ಖರ್ಚಿಗೆ ಪಾಯಿಂಟ್ ಇಲ್ಲ. ಮೂರಕ್ಕೂ ಉತ್ತರ ಇಮೇಲಿನಲ್ಲಿ ಕಳಿಸಿ ಅನ್ನಿ. ಕಳಿಸುವುದಿಲ್ಲ ಎಂದರೆ ಅಲ್ಲಿಗೇ ಮಾತು ಮುಗಿಸಬಹುದು.

ಕಾರ್ಡಿನ ನಿಜವಾದ ಅಪಾಯ ಫೀ ಅಲ್ಲ, ಬಡ್ಡಿ. ತಿಂಗಳಿಗೆ 3.75% ಬಡ್ಡಿ ಹಾಕುವ ಕಾರ್ಡಿನಲ್ಲಿ 40,000 ರೂ. ಬಾಕಿ ಒಂದು ತಿಂಗಳು ಉಳಿದರೆ 1,500 ರೂ. ಬಡ್ಡಿ, ಅದಕ್ಕೆ ಜಿಎಸ್‌ಟಿ 270, ಒಟ್ಟು 1,770. ಎರಡು ವರ್ಷ ಕೂಡಿಸಿದ ಮೈಲ್ಸ್ ಆ ಒಂದೇ ತಿಂಗಳಲ್ಲಿ ತೊಳೆದುಹೋಗುತ್ತದೆ. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಷ್ಟೇ ಕಟ್ಟಿದರೆ ಉಳಿದ ಬಾಕಿಗೆ ಬಡ್ಡಿ ಓಡುವುದರ ಜೊತೆಗೆ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ. ಇನ್ನೊಂದು ಸಣ್ಣ ಸೋರಿಕೆ ನಮ್ಮ ಪೇಟೆಗಳಲ್ಲಿ ದಿನಾ ಕಾಣುವಂಥದ್ದು. ಕಾರ್ಡ್ ಉಜ್ಜಿದರೆ 2% ಹೆಚ್ಚು ಕೊಡಿ ಅನ್ನುವ ಅಂಗಡಿಗಳಿವೆ. ನೂರಕ್ಕೆ 2 ರೂ. ಕೊಟ್ಟು 40 ಪೈಸೆಯ ಮೈಲ್ ಪಡೆಯುವ ವ್ಯವಹಾರ ಅದು. ಅಂಥಲ್ಲಿ ಸುಮ್ಮನೆ ಯುಪಿಐ ಮಾಡಿ.

ಹಾಗಾದರೆ ಇಂಥ ಕಾರ್ಡು ಯಾರಿಗೂ ಬೇಡವೇ? ಉದ್ಯಮಬಾಗದಲ್ಲಿ ಫೌಂಡ್ರಿಯೋ ವರ್ಕ್‌ಶಾಪೋ ಇಟ್ಟುಕೊಂಡು, ಪೂರೈಕೆದಾರರಿಗೆ ತಿಂಗಳಿಗೆ ಲಕ್ಷಗಟ್ಟಲೆ ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡಿನಲ್ಲೇ ಕಟ್ಟಿ, ಪ್ರತಿ ಬಿಲ್ಲನ್ನೂ ಪೂರ್ತಿ ತೀರಿಸುವವರಿಗೆ ಲೆಕ್ಕ ಕೂಡಿ ಬರುತ್ತದೆ. ನಿಮಗೆ ಫೀ ಇಲ್ಲದ, ನೇರ ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡೇ ಮೇಲು. ಬರುವ ಹಣವನ್ನು ಟಿಕೆಟ್ಟಿಗೂ ಹಾಕಬಹುದು, ಕಿರಾಣಿಗೂ ಹಾಕಬಹುದು. ಈಗಾಗಲೇ ಹೂಂ ಅಂದು ಕಾರ್ಡು ಮನೆಗೆ ಬಂದಿದ್ದರೂ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ನೀವು ಕೇಳಿದ 7 ಕೆಲಸದ ದಿನಗಳೊಳಗೆ ಬ್ಯಾಂಕ್ ಕಾರ್ಡ್ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಮುಚ್ಚುವ ಮುನ್ನ ಅದರಲ್ಲಿನ ಪಾಯಿಂಟ್ ಬಳಸಿಬಿಡಿ, ಮುಚ್ಚಿದ ಮೇಲೆ ಸಾಮಾನ್ಯವಾಗಿ ಸಿಗುವುದಿಲ್ಲ.

ಯಾವ ಖಾತೆ ತೆರೆಯಬೇಕು ಎಂಬುದು ನಿಮ್ಮೂರಿನಿಂದ ಯಾವ ವಿಮಾನ ಹಾರುತ್ತದೆ ಎಂಬುದರ ಮೇಲಿದೆ. ಸಾಂಬ್ರಾದಲ್ಲಿ ಮುಖ್ಯವಾಗಿ ಕಾಣುವುದು ಇಂಡಿಗೋ ಮತ್ತು ಸ್ಟಾರ್ ಏರ್. ನೀವು ಹೆಚ್ಚು ಹತ್ತುವುದು ಇಂಡಿಗೋ ಆದರೆ ಬ್ಲೂಚಿಪ್ ಖಾತೆ ಮೊದಲು. ಇಂಡಿಗೋ ವಿಮಾನ ಕಂಪನಿಗಳ ಯಾವ ಜಾಗತಿಕ ಒಕ್ಕೂಟದಲ್ಲೂ ಇಲ್ಲ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಸಿಂಗಾಪುರ್ ಏರ್‌ಲೈನ್ಸ್ ಮತ್ತು ಲುಫ್ತಾನ್ಸಾ ಕೂಡ ಅದೇ ಒಕ್ಕೂಟದವು. (ಸ್ಟಾರ್ ಏರ್‌ಗೂ ಸ್ಟಾರ್ ಅಲಯನ್ಸ್‌ಗೂ ಸಂಬಂಧವಿಲ್ಲ. ಹೆಸರು ನೋಡಿ ಮೋಸಹೋಗಬೇಡಿ.) ಹೀಗಾಗಿ ನಾಳೆ ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ ಹಣ ಕೊಟ್ಟೇ ಹೋದರೂ ಅದರ ಪಾಯಿಂಟನ್ನು ಅವರದೇ ಕ್ರಿಸ್‌ಫ್ಲೈಯರ್ ಖಾತೆಗೆ ಹಾಕಿಸಬಹುದು, ಇಲ್ಲವೇ ಮಹಾರಾಜ ಕ್ಲಬ್‌ಗೆ ಹಾಕಿಸಬಹುದು. ಎರಡಕ್ಕೂ ಆಗದು: ಒಂದು ಪ್ರಯಾಣ, ಒಂದೇ ಖಾತೆ.

ಇಲ್ಲಿ ಎರಡು ವಿಷಯ ನೋಡಿ ಆರಿಸಬೇಕು. ಮೊದಲನೆಯದು ಅವಧಿ. ಕ್ರಿಸ್‌ಫ್ಲೈಯರ್ ಮೈಲ್ 36 ತಿಂಗಳಾದ ಮೇಲೆ ರದ್ದು, ನಡುವೆ ಎಷ್ಟೇ ಸಲ ಹಾರಿದರೂ ಹಳೆಯದು ಹಳೆಯದೇ. ಬ್ರಿಟಿಷ್ ಏರ್‌ವೇಸ್ ಮತ್ತು ಕತಾರ್ ಕಂಪನಿಗಳು ಬಳಸುವ ಏವಿಯೋಸ್ ಎಂಬ ಪಾಯಿಂಟ್ ಹಾಗಲ್ಲ, 36 ತಿಂಗಳು ಖಾತೆಯಲ್ಲಿ ಏನೂ ನಡೆಯದಿದ್ದರೆ ಮಾತ್ರ ಹೋಗುತ್ತದೆ. ನೀವು ಮತ್ತೆ ಮೂರು ವರ್ಷದೊಳಗೆ ಸಿಂಗಾಪುರದ ಕಡೆ ಹೋಗುವ ಯೋಚನೆ ಇಲ್ಲದಿದ್ದರೆ, ದೇಶದೊಳಗೆ ಬಳಸಲು ಬರುವ ಮಹಾರಾಜ ಕ್ಲಬ್ಬೇ ವಾಸಿ ಎಂಬುದು ನನ್ನ ಅಭಿಪ್ರಾಯ. ಎರಡನೆಯದು ಬುಕಿಂಗ್ ಕ್ಲಾಸ್. ಇ-ಟಿಕೆಟ್ಟಿನಲ್ಲಿ ವಿಮಾನ ಸಂಖ್ಯೆಯ ಹತ್ತಿರ ಕೆ, ಎಲ್, ವಿ ಎಂಬಂಥ ಒಂದೇ ಅಕ್ಷರ ಇರುತ್ತದೆ. ಎಕಾನಮಿಯಲ್ಲೇ ದರದ ದರ್ಜೆ ಹೇಳುವ ಅಕ್ಷರ ಅದು. ಪಾಲುದಾರ ಕಂಪನಿಯ ಖಾತೆಗೆ ಹಾಕಿಸುವಾಗ ಅಗ್ಗದ ಅಕ್ಷರಕ್ಕೆ ಕಾಲು ಭಾಗ ಪಾಯಿಂಟ್ ಬರಬಹುದು, ಸೊನ್ನೆಯೂ ಬರಬಹುದು. ಟಿಕೆಟ್ ಕೊಳ್ಳುವ ಮುನ್ನ ಆ ಅಕ್ಷರ ಯಾವುದು ಅಂತ ಏಜೆಂಟರನ್ನು ಕೇಳಿ, ಖಾತೆಯ ಜಾಲತಾಣದ ಪಟ್ಟಿಯಲ್ಲಿ ಹೋಲಿಸಿ.

ಗೋವಾ ಸಲಹೆಗೆ ಬರುತ್ತೇನೆ. ಚೋರ್ಲಾ ಘಾಟ್ ಇಳಿದು ಗೋವಾದ ಮೋಪಾ ವಿಮಾನ ನಿಲ್ದಾಣ ತಲುಪಲು ಟ್ಯಾಕ್ಸಿಗೆ ಒಂದು ದಾರಿಗೆ 3,500 ಎಂದು ಹಿಡಿದರೂ ಹೋಗಿ ಬರಲು 7,000. ನಾಲ್ವರ ಟಿಕೆಟ್ಟಿನ ಮೂಲ ದರ 40,000 ಆದರೆ ಮೇಲಿನ ಲೆಕ್ಕದಲ್ಲೇ 2,400 ಪಾಯಿಂಟ್, ಅಂದರೆ 960 ರೂಪಾಯಿ. ಪಾಯಿಂಟಿಗಾಗಿ ಘಾಟ್ ಇಳಿಯುವುದರಲ್ಲಿ ಅರ್ಥವಿಲ್ಲ. ಆದರೆ ಟಿಕೆಟ್ ದರವೇ ತಲೆಗೆ ಎರಡು ಮೂರು ಸಾವಿರ ಕಡಿಮೆ ಇದ್ದರೆ, ಅಥವಾ ಸಾಂಬ್ರಾದಿಂದ ನೇರ ವಿಮಾನ ಇಲ್ಲದ ಊರಿಗೆ ಹೋಗಬೇಕಾದರೆ ಗೋವಾ, ಹುಬ್ಬಳ್ಳಿ ನೋಡುವುದು ಸರಿಯೇ. ಬಾಗಲಕೋಟೆ, ವಿಜಯಪುರದವರು ಹೇಗಿದ್ದರೂ ಇನ್ನೊಂದು ಊರಿಗೆ ಹೋಗಿಯೇ ವಿಮಾನ ಹತ್ತಬೇಕು. ಅವರಿಗೆ ಆಯ್ಕೆ ಇರುವುದರಿಂದ ಟಿಕೆಟ್ ಮತ್ತು ದಾರಿ ಖರ್ಚು ಎರಡನ್ನೂ ಕೂಡಿಸಿ ಹೋಲಿಸಲಿ. ಬೆಂಗಳೂರಿಗೆ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಆರಾಮ ಹೋಗುವವರು 400 ಪಾಯಿಂಟಿನ ಆಸೆಗೆ ವಿಮಾನಕ್ಕೆ ಬದಲಾಗುವುದೂ ಬೇಡ.

ಹಳೇ ಪ್ರಯಾಣದ ಪಾಯಿಂಟ್ ಬಹುಮಟ್ಟಿಗೆ ಹೋದಂತೆಯೇ. ಹೆಚ್ಚಿನ ಯೋಜನೆಗಳು ಸದಸ್ಯರಾಗುವ ಮುಂಚಿನ ಪ್ರಯಾಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸದಸ್ಯರಾದ ಮೇಲೆ ನಂಬರ್ ಹಾಕಿಸಲು ಮರೆತಿದ್ದರೆ ಮಾತ್ರ ಹಿಂದಿನದನ್ನು ಕೇಳಲು ಅವಕಾಶವಿದೆ, ಅದಕ್ಕೂ ಗಡುವು ಇರುತ್ತದೆ. ಏರ್ ಇಂಡಿಯಾದಂಥ ಕಂಪನಿಗಳಲ್ಲಿ ಕೇಳಲು 13 ಅಂಕಿಯ ಇ-ಟಿಕೆಟ್ ಸಂಖ್ಯೆ ಬೇಕು. ಆರು ಅಕ್ಷರದ ಪಿಎನ್‌ಆರ್ ಬೇರೆ, ಇದು ಬೇರೆ. ಏರ್ ಇಂಡಿಯಾದ್ದು 098ರಿಂದ, ಸಿಂಗಾಪುರ್ ಏರ್‌ಲೈನ್ಸ್‌ದು 618ರಿಂದ ಶುರುವಾಗುತ್ತದೆ. ಬೋರ್ಡಿಂಗ್ ಪಾಸ್ ಕೂಡ ಕೇಳುವುದುಂಟು. ಫೋನಿನಲ್ಲಿ ಬಂದದ್ದಾದರೆ ಪಿಡಿಎಫ್ ಉಳಿಸಿಡಿ, ಕಾಗದದ್ದಾದರೆ ಫೋಟೊ ತೆಗೆದಿಡಿ. ಪಾಯಿಂಟ್ ಖಾತೆಗೆ ಬಿದ್ದಿರುವುದನ್ನು ಕಣ್ಣಾರೆ ನೋಡುವವರೆಗೆ ಬಿಸಾಡಬೇಡಿ.

ಪಾಯಿಂಟ್ ಬರದೇ ಹೋಗಲು ನಮ್ಮ ಕಡೆ ಅತಿ ದೊಡ್ಡ ಕಾರಣ ಹೆಸರು. ಒಬ್ಬರ ಹೆಸರು ಬಸವರಾಜ ಈರಪ್ಪ ಹಿರೇಮಠ ಅನ್ನಿ. ಆಧಾರದಲ್ಲಿ ‘ಹಿರೇಮಠ ಬಸವರಾಜ ಈ.’, ಪಾಸ್‌ಪೋರ್ಟಿನಲ್ಲಿ ಹೆಸರಿನ ಜಾಗದಲ್ಲಿ ‘ಬಸವರಾಜ ಈರಪ್ಪ’, ಮನೆತನದ ಜಾಗದಲ್ಲಿ ‘ಹಿರೇಮಠ’. ಏಜೆಂಟರು ಟಿಕೆಟ್ಟಿನಲ್ಲಿ ‘ಬಿ ಹಿರೇಮಠ’ ಎಂದಷ್ಟೇ ಹಾಕಿರುತ್ತಾರೆ. ಕಂಪ್ಯೂಟರಿಗೆ ಇವರು ಮೂವರು. ಮದುವೆಯಾದ ಮೇಲೆ ನಡುವಿನ ಹೆಸರು ತಂದೆಯದ್ದರಿಂದ ಗಂಡನದ್ದಕ್ಕೆ ಬದಲಾದ ಹೆಣ್ಣುಮಕ್ಕಳಿಗೆ ಈ ತೊಡಕು ಇನ್ನೂ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ, ಅದೇ ಕ್ರಮದಲ್ಲಿ, ಅದೇ ಇಂಗ್ಲಿಷ್ ಕಾಗುಣಿತದಲ್ಲಿ ಖಾತೆ ತೆರೆಯಿರಿ. ದೇಶದೊಳಗಿನ ಟಿಕೆಟ್ಟಿಗೂ ಅದನ್ನೇ ಬಳಸಿ. ಪಾಸ್‌ಪೋರ್ಟ್ ಇನ್ನೂ ಮಾಡಿಸದಿದ್ದರೆ ಮೊದಲು ಅದನ್ನು ಮಾಡಿಸಿ, ಖಾತೆ ಆಮೇಲೆ. ಒಮ್ಮೆ ತೆರೆದ ಖಾತೆಯಲ್ಲಿ ಹೆಸರು ತಿದ್ದಿಸುವುದು ದಾಖಲೆ ಕಳಿಸಿ ವಾರಗಟ್ಟಲೆ ಕಾಯುವ ಕೆಲಸ.

ಏಜೆಂಟರನ್ನು ಬಿಡಬೇಕಿಲ್ಲ. ಅವರ ಮೂಲಕ ಕೊಂಡ ಸಾಮಾನ್ಯ ಟಿಕೆಟ್ಟಿಗೂ ಹಲವು ಯೋಜನೆಗಳಲ್ಲಿ ಪಾಯಿಂಟ್ ಬರುತ್ತದೆ. ಸದಸ್ಯ ಸಂಖ್ಯೆ ಹಾಕಿ ಅಂತ ಹೇಳುವುದರ ಜೊತೆಗೆ ಫೋನ್ ಮತ್ತು ಇಮೇಲ್ ಜಾಗದಲ್ಲಿ ನಿಮ್ಮದೇ ಹಾಕಿಸಿ. ಅವರದೇ ನಂಬರ್ ಇದ್ದರೆ ವಿಮಾನದ ವೇಳೆ ಬದಲಾದ ಸಂದೇಶವೂ ಅವರಿಗೇ ಹೋಗುತ್ತದೆ. ಸಂಖ್ಯೆ ಸೇರಿದೆಯೇ ಅಂತ ವೆಬ್ ಚೆಕ್-ಇನ್ ಮಾಡುವಾಗ ಮತ್ತೊಮ್ಮೆ ನೋಡಿ. ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಲು ಸಾಮಾನ್ಯವಾಗಿ ಬರುತ್ತದೆ. ಎರಡು ವಾರ ಕಳೆದರೂ ಪಾಯಿಂಟ್ ಬೀಳದಿದ್ದರೆ ಅರ್ಜಿ ಹಾಕಿ.

ನಿಮ್ಮ ತಾಯಿಯವರ ಕಾಶಿ ಟೂರಿನ ಟಿಕೆಟ್ ಗುಂಪು ದರದ್ದಾಗಿದ್ದರೆ ಪಾಯಿಂಟ್ ನಿರೀಕ್ಷಿಸಬೇಡಿ. ಗುಂಪು ದರಗಳನ್ನು ಹೆಚ್ಚಿನ ಯೋಜನೆಗಳು ಹೊರಗಿಟ್ಟಿವೆ. ಕಾಶಿ, ಅಯೋಧ್ಯೆ ಯಾತ್ರೆಗೂ ಉಮ್ರಾ ಗುಂಪುಗಳಿಗೂ ಇದೇ ಕಥೆ. ತಾಯಿಯವರಿಗೆ ವ್ಹೀಲ್‌ಚೇರ್ ಬೇಕಿದ್ದರೆ ಅದನ್ನು ಮೊದಲೇ ನಮೂದಿಸಲು ಟೂರಿನವರಿಗೆ ಹೇಳುವುದು ಹೆಚ್ಚು ಉಪಯೋಗದ ಕೆಲಸ.

ಕೂಡಿಸುವುದಕ್ಕಿಂತ ಜನ ಹೆಚ್ಚು ಎಡವುವುದು ಖರ್ಚು ಮಾಡುವಾಗ. ಪಾಯಿಂಟಿನ ಬೆಲೆ ಕಂಡುಹಿಡಿಯುವುದು ಸುಲಭ: ಹಣ ಕೊಟ್ಟರೆ ಟಿಕೆಟ್ ಎಷ್ಟು ಎಂಬುದರಿಂದ, ಪಾಯಿಂಟ್ ಟಿಕೆಟ್ಟಿಗೆ ಕೈಯಿಂದ ಕಟ್ಟಬೇಕಾದ ತೆರಿಗೆ ಕಳೆಯಿರಿ, ಉಳಿದದ್ದನ್ನು ಪಾಯಿಂಟ್‌ಗಳಿಂದ ಭಾಗಿಸಿ. ಟಿಕೆಟ್ 5,800 ಇದ್ದು, ಪಾಯಿಂಟಿನಲ್ಲಿ 10,000 ಮತ್ತು 900 ರೂ. ತೆರಿಗೆ ಎಂದಾದರೆ 4,900 ಭಾಗ 10,000, ಅಂದರೆ 49 ಪೈಸೆ. ಅದೇ 10,000 ಪಾಯಿಂಟಿಗೆ 2,000 ರೂಪಾಯಿಯ ಮಿಕ್ಸರ್ ಕೊಡುತ್ತೇವೆ ಎಂದರೆ 20 ಪೈಸೆ. ವಸ್ತುಗಳಿಗೆ ಪಾಯಿಂಟ್ ಕೊಡುವುದು ಬಹುತೇಕ ಯಾವಾಗಲೂ ಹೀಗೇ. ‘ಫ್ರೀ ಟಿಕೆಟ್’ ಅನ್ನುವುದೂ ಪೂರ್ತಿ ಫ್ರೀ ಅಲ್ಲ ಎಂಬುದು ಇದರಲ್ಲೇ ಕಾಣುತ್ತದೆ. ವಿದೇಶಿ ಪ್ರಯಾಣದಲ್ಲಿ ತೆರಿಗೆ, ಕಂಪನಿಯ ಹೆಚ್ಚುವರಿ ಶುಲ್ಕ ಸೇರಿ ತಲೆಗೆ ಸಾವಿರಗಟ್ಟಲೆ ಆಗಬಹುದು.

ಒಂದು ವೇಳೆ ಬ್ಯಾಂಕಿನ ಪಾಯಿಂಟ್ ಕೂಡಿದ್ದರೆ, ಅದನ್ನು ವಿಮಾನ ಕಂಪನಿಗೆ ವರ್ಗಾಯಿಸುವ ಮೊದಲು ನಿಮಗೆ ಬೇಕಾದ ದಿನ ಪಾಯಿಂಟಿನ ಸೀಟು ಇದೆಯೇ ನೋಡಿ. ವರ್ಗಾಯಿಸಿದ್ದನ್ನು ತಿರುಗಿ ತರಲು ಆಗುವುದಿಲ್ಲ. ಕೆಲವು ವರ್ಗಾವಣೆ ತಕ್ಷಣ ಆಗುತ್ತದೆ, ಕೆಲವಕ್ಕೆ ದಿನಗಟ್ಟಲೆ ಬೇಕು, ಅಷ್ಟರಲ್ಲಿ ಸೀಟು ಹೋಗಬಹುದು. ನಿಮಗೆ ರಜೆ ಸಿಗುವುದು ಏಪ್ರಿಲ್-ಮೇ ಅಥವಾ ದಸರೆಗೆ. ಎಲ್ಲರಿಗೂ ಆಗಲೇ ರಜೆ. ಒಂದೇ ವಿಮಾನದಲ್ಲಿ ನಾಲ್ಕು ಪಾಯಿಂಟ್ ಸೀಟು ಸಿಗುವುದು ಅಪರೂಪ. ಇಬ್ಬರು ಪಾಯಿಂಟಿನಲ್ಲಿ, ಇಬ್ಬರು ಹಣದಲ್ಲಿ ಹೋಗುವುದಾದರೆ ಪ್ರತಿ ಪಿಎನ್‌ಆರ್‌ನಲ್ಲಿ ಒಬ್ಬ ದೊಡ್ಡವರು, ಒಂದು ಮಗು ಇರಲಿ. ವೇಳೆ ಬದಲಾದಾಗ ಕಂಪನಿ ಎರಡು ಪಿಎನ್‌ಆರ್‌ಗಳನ್ನು ಬೇರೆ ಬೇರೆ ವಿಮಾನಕ್ಕೆ ಹಾಕಬಹುದು. ಒಟ್ಟಿಗೆ ಪ್ರಯಾಣಿಸುವವರು ಎಂದು ಎರಡರಲ್ಲೂ ಬರೆಸಿಡಿ.

ಇದರಲ್ಲೇ ಇನ್ನೊಂದು ಅಪಾಯವಿದೆ. ಸಾಂಬ್ರಾ-ಬೆಂಗಳೂರು ಒಂದು ಟಿಕೆಟ್, ಬೆಂಗಳೂರು-ಸಿಂಗಾಪುರ ಇನ್ನೊಂದು ಟಿಕೆಟ್ ಆಗಿದ್ದರೆ, ಮೊದಲ ವಿಮಾನ ಮಳೆಗೋ ಮಂಜಿಗೋ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಇಂಡಿಗೋದ ದೇಶೀಯ ವಿಮಾನ ಬೆಂಗಳೂರಿನ ಒಂದನೇ ಟರ್ಮಿನಲ್‌ಗೆ ಬಂದರೆ, ವಿದೇಶಿ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಸಾಮಾನು ಇಳಿಸಿಕೊಂಡು, ಟರ್ಮಿನಲ್ ಬದಲಿಸಿ, ಮತ್ತೆ ಚೆಕ್-ಇನ್ ಮಾಡಬೇಕು. ಹಿಂದಿನ ದಿನವೇ ಬೆಂಗಳೂರು ತಲುಪಿ.

ಕೂಡಿಸಿದ್ದನ್ನು ಹತ್ತು ವರ್ಷಕ್ಕೆ ಅಂತ ಇಡಬೇಡಿ. ಇಂದು 10,000ಕ್ಕೆ ಸಿಗುವ ಸೀಟನ್ನು ನಾಳೆ 14,000 ಮಾಡುವ ಹಕ್ಕು ಕಂಪನಿಗಿದೆ, ಅವರ ಷರತ್ತಿನಲ್ಲೇ ಅದು ಬರೆದಿರುತ್ತದೆ. ಒಂದು ದೇಶೀಯ ಟಿಕೆಟ್ಟಿಗೆ ಸಾಕಾಗುವಷ್ಟು ಆದ ಕೂಡಲೇ ದರ ಏರಿರುವ ಹಬ್ಬದ ವಾರಕ್ಕೆ ಸೀಟಿದೆಯೇ ನೋಡಿ ಬಳಸಿಬಿಡಿ. ಪಾಯಿಂಟ್ ಮಾರಾಟ ಮಾತ್ರ ಬೇಡ, ಕೊಳ್ಳುವವರು ಸಿಗುತ್ತಾರೆ, ಆದರೆ ಸಿಕ್ಕಿಬಿದ್ದರೆ ಖಾತೆಯೇ ರದ್ದು. ‘ನಿಮ್ಮ ಪಾಯಿಂಟ್ ಇಂದು ರಾತ್ರಿ ಮುಗಿಯುತ್ತದೆ, ಈ ಲಿಂಕ್ ಒತ್ತಿ’ ಎಂದು ವಾಟ್ಸಾಪಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ. ಅನುಮಾನವಿದ್ದರೆ ಕಂಪನಿಯ ಆ್ಯಪ್ ನೀವೇ ತೆರೆದು, ಒಳಗೆ ಮುಕ್ತಾಯದ ದಿನಾಂಕ ಯಾವುದಿದೆ ನೋಡಿ.